'ಪಾಯಿಂಟ್ ಬ್ಲಾಂಕ್' ಬಿಲ್ಲಿನ ಮಾತಾ, ತೋಪಿನ ಮಾತಾ?

ಮಂಜುಳಾ ಟೀಚರ್: ದಿನಾ ಆಡುವ ಎಷ್ಟೋ ಇಂಗ್ಲಿಷ್ ಮಾತುಗಳು ಇಂಗ್ಲೆಂಡಿನ ಬಿಲ್ಲುಗಾರರಿಂದ ಬಂದವು. ಕೊನೆಗೆ ಬಂದ ಫಲಿತಾಂಶಕ್ಕೆ 'ಅಪ್‌ಶಾಟ್' ಅಂತೀವಲ್ಲ, ಅದು ಪಂದ್ಯದ ಕೊನೇ ಬಾಣ. ಎಲ್ಲರ ತಮಾಷೆಗೆ 'ಬಟ್' ಆದ ಅಂತೀವಲ್ಲ, ಆ ಬಟ್ ಗುರಿ ನಿಲ್ಲಿಸುತ್ತಿದ್ದ ಮಣ್ಣಿನ ದಿಬ್ಬ. ಬಿಲ್ಲಿನ ಹೆದೆ ಹರಿದರೆ ಇರಲಿ ಅಂತ ಇಟ್ಟುಕೊಂಡ ಇನ್ನೊಂದು ಹೆದೆಯೇ 'ಸೆಕೆಂಡ್ ಸ್ಟ್ರಿಂಗ್', ಈಗ ಬದಲಿಗೆ ಇಟ್ಟುಕೊಂಡವರಿಗೆ ಹಾಗನ್ನುತ್ತೇವೆ. 1363ರಲ್ಲಿ ಮೂರನೇ ಎಡ್ವರ್ಡ್, ಗಟ್ಟಿಮುಟ್ಟಾದ ಗಂಡಸರು ಹಬ್ಬದ ದಿನ ಬಿಲ್ಲು ಹಿಡಿಯಲೇಬೇಕು ಅಂತ ಆಜ್ಞೆ ಹೊರಡಿಸಿದ. ಊರಿಗೆ ಊರೇ ಬಾಣ ಬಿಡುತ್ತಿದ್ದರೆ ಅದು ಮಾತಿಗೆ ಬರದೇ ಇರುತ್ತಾ? ತೀರಾ ಹತ್ತಿರದಿಂದ ನೇರವಾಗಿ ಹೊಡೆಯುವುದಕ್ಕೆ ಹೇಳುವ 'ಪಾಯಿಂಟ್ ಬ್ಲಾಂಕ್' ಕೂಡ ಅಲ್ಲಿಂದಲೇ.

ಹಳೇ ನಿಘಂಟು: 'ಅಲ್ಲಿಂದಲೇ' ಅಂತ ಅಷ್ಟು ಖಡಾಖಂಡಿತ ಹೇಳಬೇಡಿ ಮೇಡಂ. ಆ ಪದ ಬರಹದಲ್ಲಿ ಸಿಗುವುದು 1570ರ ದಶಕದಲ್ಲಿ, ಅದೂ ತೋಪಿನ, ಅಂದರೆ ಫಿರಂಗಿಯ, ಲೆಕ್ಕಾಚಾರದಲ್ಲಿ. ಷೇಕ್ಸ್‌ಪಿಯರನ 'ಮೆರ್ರಿ ವೈವ್ಸ್ ಆಫ್ ವಿಂಡ್ಸರ್' ನಾಟಕದಲ್ಲೂ ಪಾಯಿಂಟ್ ಬ್ಲಾಂಕ್ ಹೊಡೆಯುವುದು ತೋಪೇ.

ಬತ್ತಳಿಕೆ: ಲೆಕ್ಕಾಚಾರ ಬಿಡಿ ಸಾರ್, ಬಿಲ್ಲು ಹಿಡಿದು ನೋಡಿ. ಗುರಿ ಹಿಡಿಯಲು ನೆರವಾಗುವ 'ಸೈಟ್' ಇಲ್ಲದ ಬಿಲ್ಲಿನಲ್ಲಿ 11 ವರ್ಷದಿಂದ ಹೊಡೆಯುತ್ತಿದ್ದೇನೆ. ಹೆದೆಯನ್ನು ಮುಖದವರೆಗೆ ಎಳೆದಾಗ ಬಾಣದ ಮೊನೆ ಕಣ್ಣೆದುರೇ ಇರುತ್ತದೆ. ಗುರಿ ಹತ್ತಿರವಿದ್ದರೆ ಮೊನೆಯನ್ನು ಅದಕ್ಕಿಂತ ಕೆಳಗೆ ಹಿಡಿಯಬೇಕು, ದೂರವಿದ್ದರೆ ಮೇಲೆ. ಒಂದೇ ಒಂದು ದೂರದಲ್ಲಿ ಮೊನೆ ಸರಿಯಾಗಿ ನಡುವಿನ ಮೇಲೇ ಕೂರುತ್ತದೆ. ಮೊನೆ ಅಂದರೆ ಪಾಯಿಂಟ್, ಆಗಿನ ಗುರಿಯ ಬಿಳಿ ನಡುವೇ ಬ್ಲಾಂಕ್. ಇನ್ನೇನು ಬೇಕು?

ಹಳೇ ನಿಘಂಟು: 'ಇನ್ನೇನು ಬೇಕು' ಅಂದರೆ, ಸಾಕ್ಷಿ ಬೇಕು. ಬಿಲ್ಲಿಗೆ ಈ ಪದ ಬಳಸಿದ, 1570ಕ್ಕಿಂತ ಹಿಂದಿನ ಒಂದೇ ಒಂದು ಸಾಲು ತೋರಿಸಿ.

ಬತ್ತಳಿಕೆ: ಸಾಲು ಎಲ್ಲಿಂದ ತರೋಣ? ಬಾಣ ಬಿಡುತ್ತಿದ್ದವರು ಹಳ್ಳಿ ರೈತರು. ಬಿಲ್ಲುಗಾರರು ಪುಸ್ತಕ ಬರೆಯುತ್ತಿರಲಿಲ್ಲ!

ಕಾವೇರಿ ದಂಡೆ: 'ಬರೆಯುತ್ತಿರಲಿಲ್ಲ' ಅನ್ನುವುದು ಸುಳ್ಳು. ರೋಜರ್ ಆಸ್ಕಮ್ 1545ರಲ್ಲೇ ಬಿಲ್ಲಿನ ಬಗ್ಗೆ ಇಡೀ ಪುಸ್ತಕ ಬರೆದ.

ಬತ್ತಳಿಕೆ: ಆಸ್ಕಮ್ ರೈತನಾ? ಮುಂದೆ ರಾಣಿಯಾದ ಎಲಿಜಬೆತ್‌ಗೆ ಪಾಠ ಹೇಳಿದ ಮೇಷ್ಟ್ರು ಅವನು. ಗೊತ್ತಿಲ್ಲದಿದ್ದರೆ ಸುಮ್ಮನಿರಿ.

ಕಾವೇರಿ ದಂಡೆ: ಮೇಷ್ಟ್ರಾದರೆ ಬಿಲ್ಲುಗಾರ ಆಗಬಾರದಾ? ಅವನೇ ಬಿಲ್ಲು ಹಿಡಿಯುತ್ತಿದ್ದ. ಸುಮ್ಮನಿರಿ ಅನ್ನೋಕೆ ನೀವ್ಯಾರು?

ಬತ್ತಳಿಕೆ: ನಾನು ಹೇಳಿದ್ದು ಹಳ್ಳಿಯವರ ವಿಷಯ. ಕಾಲೇಜಿನವರದ್ದಲ್ಲ.

ಮಂಜುಳಾ ಟೀಚರ್: ಒಂದು ಪದಕ್ಕೆ ಜೋತುಬಿದ್ದಿದ್ದೀರಿ. ಉಳಿದ ಮೂರನ್ನು ಯಾರೂ ಮುಟ್ಟಲಿಲ್ಲ. ಎಷ್ಟು ಟಾಕ್ಸಿಕ್ ಮಾಡಿಬಿಟ್ಟಿರಿ.

ಕಾವೇರಿ ದಂಡೆ: 'ಟಾಕ್ಸಿಕ್' ಅಂದಿರಲ್ಲ, ಅದೇ ನಿಜವಾದ ಬಿಲ್ಲಿನ ಮಾತು! ಗ್ರೀಕಿನಲ್ಲಿ ಟಾಕ್ಸಾನ್ ಅಂದರೆ ಬಿಲ್ಲು. ಬಾಣಕ್ಕೆ ಸವರುವ ವಿಷ ಟಾಕ್ಸಿಕಾನ್. ಪದ ಬಂದದ್ದೇ ಅಲ್ಲಿಂದ.

ಹಳೇ ನಿಘಂಟು: ಅದು ಲ್ಯಾಟಿನ್ ದಾಟಿ ಬಂದ ಗ್ರೀಕ್. ಇಂಗ್ಲೆಂಡಿನ ಬಿಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಮೇಡಂ, 'ಬಟ್' ಬಗ್ಗೆ ನನ್ನ ತಕರಾರಿಲ್ಲ. ಪಾಯಿಂಟ್ ಬ್ಲಾಂಕ್ ಮಾತ್ರ ತೋಪಿನದೇ.

ಬತ್ತಳಿಕೆ: 'ತೋಪಿನದೇ' ಅನ್ನುವ ಮೊದಲು ಭಾನುವಾರ ಮೈದಾನಕ್ಕೆ ಬನ್ನಿ. ಬಿಲ್ಲು ನಿಮ್ಮ ಕೈಗೇ ಕೊಡುತ್ತೇನೆ. ಮೊನೆ ಎಲ್ಲಿ ಕೂರುತ್ತದೆ, ನೀವೇ ನೋಡಿ.

ಹಳೇ ನಿಘಂಟು: ಬರುತ್ತೇನೆ. ನೀವು ಆ ಸಾಲು ಹುಡುಕಿಕೊಂಡು ಬನ್ನಿ.