‘ಎಸ್’ ಎಂದರೆ ಸ್ಪೋರ್ಟೇ? ಗೇರ್ ಬಾಕ್ಸಿನ ‘ಮೋಡ್’ಗಳಿಗೆ ಕನ್ನಡದಲ್ಲಿ ಏನೆನ್ನಬೇಕು

ಪ್ರಶ್ನೆ (ಮಡಿಕೇರಿಯಿಂದ):

ಕಾಫಿ ತೋಟವೊಂದರ ಇಬ್ಬರು ಡ್ರೈವರುಗಳಿಗೆ ಒಂದು ಪುಟದ ಕನ್ನಡ ಸೂಚನೆ ಬರೆದುಕೊಡಬೇಕಾಗಿದೆ. ಶೆಡ್ಡಿನಲ್ಲಿರುವುದು ಎರಡು ಕಾರು: ಏಳು ಗೇರಿನ ಡಿಸಿಟಿ (ಕ್ಲಚ್ ಕೆಲಸವನ್ನು ಕಾರೇ ಮಾಡುವ, ಎರಡು ಕ್ಲಚ್ಚಿನ ಗೇರ್ ಬಾಕ್ಸ್) ಇರುವ ಇ92 ಪೀಳಿಗೆಯ ಬಿಎಂಡಬ್ಲ್ಯು ಎಂ3, ಇನ್ನೊಂದು ಡಿಎಸ್‌ಜಿ (ಅದೇ ಬಗೆಯ ಗೇರ್ ಬಾಕ್ಸಿಗೆ ಫೋಕ್ಸ್‌ವ್ಯಾಗನ್ ಇಟ್ಟ ಹೆಸರು) ಇರುವ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ. ಇಬ್ಬರೂ ಜೀಪು, ಪಿಕಪ್ ಓಡಿಸಿ ಪಳಗಿದ ಕೈಗಳು. ಸಂಪಾಜೆ ಘಾಟಿ, ಮಾಕುಟ್ಟ ಘಾಟಿಗಳ ತಿರುವು ತಿರುವೂ ಗೊತ್ತು. ಆದರೆ ಕ್ಲಚ್ ಪೆಡಲ್ ಇಲ್ಲದ ಗಾಡಿ ಅವರಿಗೆ ಹೊಸದು.

ಇಂಗ್ಲಿಷ್ ಕೈಪಿಡಿಯಲ್ಲಿ ಪುಟಕ್ಕೆ ನಾಲ್ಕು ಸಲ ‘ಮೋಡ್’ ಬರುತ್ತದೆ. ಟ್ರಾನ್ಸ್‌ಮಿಷನ್ ಮೋಡ್‌ಗೆ ‘ಪ್ರಸರಣ ವಿಧಾನ’ ಎಂದು ಬರೆದರೆ ಆಕಾಶವಾಣಿಯ ನೆನಪಾಗುತ್ತದೆ. ‘ಚಾಲನಾ ವಿಧಾನ’ ಎಂದರೆ ಯಾವುದರ ಬಗ್ಗೆ ಹೇಳುತ್ತಿದ್ದೇನೆಂದು ನನಗೇ ಸ್ಪಷ್ಟವಾಗುವುದಿಲ್ಲ. ಎಲ್ಲ ಕಡೆ ಒಂದೇ ಪದ ಬಳಸಬಹುದೇ? ಗೇರ್ ಲಿವರಿನ ‘ಎಸ್’ ಅನ್ನು ಎರಡೂ ಕಾರಿಗೆ ‘ಸ್ಪೋರ್ಟ್’ ಎಂದು ಬರೆದರೆ ಸರಿಯೇ? ಇಳಿಜಾರಿನಲ್ಲಿ ಎಂಜಿನ್‌ನಿಂದಲೇ ಗಾಡಿ ಹಿಡಿಯುವುದಕ್ಕೆ ಡ್ರೈವರುಗಳಿಗೆ ತಟ್ಟನೆ ತಿಳಿಯುವ ಮಾತು ಯಾವುದು? ಬಲ್ಲವರು ತಿಳಿಸಬೇಕು.

ಉತ್ತರ (ಗೋಣಿಕೊಪ್ಪದಿಂದ):

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಕಾರಿಗೆ ಪೆಟ್ಟಾಗುವುದು ಅಲ್ಲಿ. ‘ಎಸ್’ ಅನ್ನು ಎರಡೂ ಕಾರಿಗೆ ಒಂದೇ ಪದದಲ್ಲಿ ದಯವಿಟ್ಟು ಬರೆಯಬೇಡಿ. ಪೋಲೊದಲ್ಲಿ ಎಸ್ ಎಂದರೆ ಸ್ಪೋರ್ಟ್. ಗೇರ್ ಬದಲಿಸುವುದು ಆಗಲೂ ಕಾರೇ. ಡಿಯಲ್ಲಿ (ಡ್ರೈವ್, ಮಾಮೂಲಿ ಓಟದ ಸ್ಥಾನ) ಬೇಗ ಮೇಲಿನ ಗೇರಿಗೆ ಹೋಗುತ್ತಿದ್ದದ್ದು ಎಸ್‌ನಲ್ಲಿ ಎಂಜಿನ್ನನ್ನು ಹೆಚ್ಚು ತಿರುಗಲು ಬಿಟ್ಟು ಆಮೇಲೆ ಹೋಗುತ್ತದೆ, ವೇಗ ತಗ್ಗಿದಾಗ ಬೇಗ ಕೆಳಗಿನ ಗೇರಿಗೆ ಬರುತ್ತದೆ. ಎಂ3 ಡಿಸಿಟಿಯಲ್ಲಿ ಎಸ್ ಎಂದರೆ ಸೀಕ್ವೆನ್ಷಿಯಲ್, ಅಂದರೆ ಒಂದಾದ ಮೇಲೊಂದರಂತೆ ಗೇರ್ ಬದಲಿಸುವವನು ಡ್ರೈವರ್. ಪೋಲೊ ರೂಢಿಯಾದವರು ಇದನ್ನೂ ಸ್ಪೋರ್ಟ್ ಎಂದುಕೊಂಡು ಎಕ್ಸಲೇಟರ್ ಒತ್ತುತ್ತಲೇ ಹೋದರೆ, ತಾನಾಗಿ ಮೇಲಿನ ಗೇರ್ ಬೀಳುವುದೇ ಇಲ್ಲ. ಮುಳ್ಳು 8400 ಆರ್‌ಪಿಎಂ ಬಳಿ ಹೋಗಿ ಎಂಜಿನ್ ಅದಕ್ಕಿಂತ ಹೆಚ್ಚು ತಿರುಗದಂತೆ ತಡೆಯುವ ಲಿಮಿಟರಿಗೆ ಬಡಿಯುತ್ತಿರುತ್ತದೆ. ವೇಗ ತೀರಾ ಕಡಿಮೆಯಾದಾಗ ಗೇರ್ ಇಳಿಸಿಕೊಳ್ಳುವುದನ್ನು ಮಾತ್ರ ಕಾರು ತಾನೇ ಮಾಡುತ್ತದೆ. ಪೋಲೊದಲ್ಲಿ ಕೈಯಿಂದ ಗೇರ್ ಹಾಕುವ ಪ್ಲಸ್–ಮೈನಸ್ ಜಾಗ ಬೇರೆಯೇ ಇದೆ, ಅಲ್ಲೂ ಎಂಜಿನ್ ಮಿತಿ ಮುಟ್ಟಿದರೆ ಕಾರೇ ಗೇರ್ ಏರಿಸುತ್ತದೆ.

ಆದ್ದರಿಂದ ನನ್ನ ಸಲಹೆ ಹೀಗೆ. ಪೋಲೊದ ಡಿ, ಎಸ್ ಎರಡನ್ನೂ ‘ಆಟೋ ಗೇರ್’ ಎಂದು ಕರೆಯಿರಿ. ಎಸ್‌ಗೆ ‘ಚುರುಕಿನ ಆಟೋ ಗೇರ್’ ಎನ್ನಿ. ಎಂ3ಯ ಎಸ್‌ಗೆ ‘ಕೈ ಗೇರ್’ ಎಂದು ಬರೆಯಿರಿ. ಜೀಪಿನವರಿಗೆ ‘ಕೈ ಗೇರ್’ ಎಂದೊಡನೆ ಜವಾಬ್ದಾರಿ ಯಾರದೆಂದು ತಿಳಿಯುತ್ತದೆ. ‘ಕ್ರಮಾನುಗತ’ ಎಂಬ ಪುಸ್ತಕದ ಪದಕ್ಕೆ ಆ ಕೆಲಸ ಮಾಡಲಾಗದು.

ಇನ್ನು ‘ಮೋಡ್’. ಎಂ3 ಒಳಗೆ ಈ ಒಂದೇ ಹೆಸರಿನಲ್ಲಿ ಹಲವು ಸಂಗತಿಗಳು ಕಲೆತುಹೋಗಿವೆ. ಗೇರ್ ಯಾರು ಬದಲಿಸುವುದು ಎಂಬುದು ಲಿವರಿನ ವಿಷಯ. ಎಷ್ಟು ಬಿರುಸಾಗಿ ಬದಲಾಗಬೇಕು ಎಂಬುದು ಡ್ರೈವ್‌ಲಾಜಿಕ್ ಬಟನ್ನಿನ ವಿಷಯ. ಎಕ್ಸಲೇಟರ್ ಮುಟ್ಟಿದರೆ ಎಂಜಿನ್ ಎಷ್ಟು ಚುರುಕಾಗಿ ಓಗೊಡಬೇಕು ಎಂಬುದಕ್ಕೆ ಪವರ್ ಎಂಬ ಬಟನ್ ಬೇರೆ, ಶಾಕ್ ಅಬ್ಸಾರ್ಬರ್ ಗಡಸಿಗೆ ಇಡಿಸಿ ಬಟನ್ ಬೇರೆ. ಸ್ಟಿಯರಿಂಗಿನ ‘ಎಂ’ ಬಟನ್, ಮೊದಲೇ ಹೊಂದಿಸಿಟ್ಟ ಇವುಗಳ ಒಂದು ಕಟ್ಟನ್ನು ಒಟ್ಟಿಗೆ ಕರೆಯುತ್ತದೆ. ಬೇರೆ ಎಷ್ಟೋ ಕಾರುಗಳಲ್ಲಿ ಎಂ ಎಂದರೆ ಮ್ಯಾನುಯಲ್. ಇಲ್ಲಿ ಹಾಗಲ್ಲ, ಇದನ್ನು ಒತ್ತಿದ ಮಾತ್ರಕ್ಕೆ ಇಳಿಜಾರಿನಲ್ಲಿ ಗೇರ್ ಹಿಡಿದು ನಿಲ್ಲುವುದಿಲ್ಲ. ‘ಮೋಡ್’ ಎಂಬ ಮಾತನ್ನು ಇಡೀ ಕಾರಿನ ಸ್ವಭಾವ ಬದಲಿಸುವ ಈ ಬಟನ್ನಿಗೆ ಮಾತ್ರ ಉಳಿಸಿಕೊಳ್ಳಿ, ಗೇರಿನ ವಿಷಯ ಬಂದಾಗ ‘ಗೇರ್’ ಎಂದೇ ಹೇಳಿ.

ಡ್ರೈವ್‌ಲಾಜಿಕ್ ಹಂತಗಳಿಗೆ ‘ಬಿರುಸು’ ಎಂಬ ಪದ ಒಪ್ಪುತ್ತದೆ: ‘ಬಿರುಸು 1’, ‘ಬಿರುಸು 3’. ಡಿಯಲ್ಲಿ ಐದು ಹಂತ, ಎಸ್‌ನಲ್ಲಿ ಆರು. ಎರಡರಲ್ಲೂ ಅಂಕಿ ಒಂದೇ ಥರ ಕಂಡರೂ ಕೆಲಸದಲ್ಲಿ ವ್ಯತ್ಯಾಸವಿದೆ. ಡಿಯಲ್ಲಿ ಹಂತ ಏರಿದಂತೆ ಗೇರ್ ಬೀಳುವ ಬಿರುಸೂ ಹೆಚ್ಚುತ್ತದೆ, ಬೀಳುವ ಆರ್‌ಪಿಎಂ ಕೂಡ ಮೇಲಕ್ಕೆ ಹೋಗುತ್ತದೆ. ಎಸ್‌ನಲ್ಲಿ ಯಾವಾಗ ಬೀಳಬೇಕೆಂದು ತೀರ್ಮಾನಿಸುವವನು ಡ್ರೈವರ್ ಆದ್ದರಿಂದ ಅಲ್ಲಿ ಅಂಕಿಯ ಅರ್ಥ ಬಿರುಸು ಮಾತ್ರ. ಆರನೆಯ ಹಂತ ಸಿಗಬೇಕಾದರೆ ಜಾರು ತಡೆಯುವ ಡಿಎಸ್‌ಸಿ ಆಫ್ ಆಗಿರಬೇಕು. ನಿಂತಲ್ಲಿಂದ ಅತಿ ವೇಗವಾಗಿ ಹೊರಡಿಸುವ ಲಾಂಚ್ ಕಂಟ್ರೋಲ್ ಇರುವುದೂ ಅಲ್ಲೇ. ಅದು ರೇಸ್ ಟ್ರ್ಯಾಕಿನ ಮಾತು, ನಿಮ್ಮ ಸೂಚನೆಯಲ್ಲಿ ಅದಕ್ಕೆ ಕನ್ನಡ ಪದವೇ ಬೇಡ.

ತೋಟದವರಿಗೆ ಮುಖ್ಯವಾದದ್ದು ಡಿ1. ಅದರಲ್ಲಿ ಕಾರು ಎರಡನೇ ಗೇರಿನಲ್ಲಿ ಹೊರಡುತ್ತದೆ. ನುಣುಪು ನೆಲದಲ್ಲಿ ಚಕ್ರ ಸುತ್ತದಿರಲೆಂದು ಮಾಡಿದ ಏರ್ಪಾಡು ಇದು. ಮಳೆಗಾಲದಲ್ಲಿ ಸಮತಟ್ಟಾದ ಕಣದಿಂದ ಹೊರಡಲು ಒಳ್ಳೆಯದೇ. ಆದರೆ ಶೆಡ್ಡಿನಿಂದ ಗೇಟಿನವರೆಗಿನ ಕಡಿದಾದ ಏರಿನಲ್ಲಿ ಎರಡನೇ ಗೇರಿನಲ್ಲಿ ಹೊರಟರೆ ಕ್ಲಚ್ ಬಹಳ ಹೊತ್ತು ಉಜ್ಜುತ್ತದೆ, ಬಿಸಿಯಾಗುತ್ತದೆ. ಏರಿಗೆ ಬಿರುಸು 2 ಅಥವಾ 3 ಇಟ್ಟುಕೊಳ್ಳಲಿ.

ಮೂರನೆಯ ಪ್ರಶ್ನೆಗೆ ನಮ್ಮ ಕಡೆ ಮಾತು ಸಿದ್ಧವಾಗಿಯೇ ಇದೆ, ಹೊಸದಾಗಿ ಕಟ್ಟಬೇಕಿಲ್ಲ. ‘ಗೇರ್ ಇಳಿಸು’ ಎಂದರೆ ನಾಲ್ಕರಿಂದ ಮೂರಕ್ಕೆ ಬರುವುದು. ‘ಗೇರಿನಲ್ಲೇ ಇಳಿಸು’ ಎಂದರೆ ನ್ಯೂಟ್ರಲ್ ಮಾಡದೆ, ಎಂಜಿನ್ ಹಿಡಿತದಲ್ಲೇ ಗಾಡಿಯನ್ನು ಕೆಳಗೆ ತರುವುದು. ಒಂದು ವಿಭಕ್ತಿಯಿಂದ ಕೆಲಸವೇ ಬದಲಾಗುತ್ತದೆ, ಅದಕ್ಕೇ ಬರಹದಲ್ಲಿ ಎಚ್ಚರ ಬೇಕು. ‘ಗೇರ್ ತೆಗಿ’ ಎಂಬುದಂತೂ ನ್ಯೂಟ್ರಲ್. ಹಾಗಾಗಿ ಡೌನ್‌ಶಿಫ್ಟ್‌ಗೆ ‘ಗೇರ್ ಕಡಿಮೆ ಮಾಡಿ’ ಎಂದು ಬರೆದರೆ ಗೊಂದಲವಿಲ್ಲ.

ಘಾಟಿಗೆ ಸೂಚನೆ ಬರೆಯುವಾಗ ಕ್ರಮ ಮುಖ್ಯ. ಇಳಿಜಾರು ಶುರುವಾಗುವ ಮೊದಲೇ ಎಂ3ಯನ್ನು ಕೈ ಗೇರಿಗೆ ತಂದು ಮೂರನೇ ಗೇರ್, ಬಿಗಿ ತಿರುವುಗಳಿಗೆ ಎರಡನೇ ಗೇರ್ ಹಿಡಿಯಬೇಕು. ಎಕ್ಸಲೇಟರ್ ಮುಟ್ಟದೆಯೂ ವೇಗ ಏರುತ್ತಿದ್ದರೆ ಇನ್ನೊಂದು ಗೇರ್ ಕಡಿಮೆ ಮಾಡಬೇಕು. ಎಂಜಿನ್ ಮಿತಿ ಮೀರುವಂತಿದ್ದರೆ ಕಾರು ಆ ಗೇರನ್ನು ಒಪ್ಪುವುದಿಲ್ಲ, ಆಗ ಬ್ರೇಕಿನಿಂದ ವೇಗ ತಗ್ಗಿಸಿ ಮತ್ತೆ ಹಾಕಬೇಕು. ಒದ್ದೆ ರಸ್ತೆಯಲ್ಲಿ ಬಿರುಸು 4, 5 ಇಟ್ಟುಕೊಂಡು ತಿರುವಿನ ಮಧ್ಯೆ ಗೇರ್ ಕಡಿಮೆ ಮಾಡುವುದು ಬೇಡವೇ ಬೇಡ. ಇದು ಹಿಂದಿನ ಚಕ್ರ ಎಳೆಯುವ ಗಾಡಿ. ಕ್ಲಚ್ ಪಟ್ಟನೆ ಹಿಡಿದಾಗ ಎಂಜಿನ್ ಎಳೆತಕ್ಕೆ ಹಿಂದಿನ ಟೈರ್ ಹಿಡಿತ ಬಿಟ್ಟು ಬಾಲ ಹೊರಗೆ ಹೋಗಬಹುದು.

ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್‌ನಲ್ಲಿ ಇಳಿಸುವ ಅಭ್ಯಾಸವಿದ್ದರೆ ಅದನ್ನೂ ಇಲ್ಲೇ ಬಿಡಿಸಿ. ಈ ಎಂಜಿನ್‌ಗಳಲ್ಲಿ ಗೇರಿನಲ್ಲಿದ್ದು ಕಾಲು ಎತ್ತಿದರೆ ಇಂಜೆಕ್ಟರ್ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಿರಲು ಪೆಟ್ರೋಲ್ ಬೇಕೇ ಬೇಕು, ಅಂದರೆ ಖರ್ಚು ಜಾಸ್ತಿ. ಜೊತೆಗೆ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಡಾಟ್ 4 ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ, ತೇವ ಹೀರಿದ ಮೇಲೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಕೊಡಗಿನ ತೇವದ ಹವೆಯಲ್ಲಿ ನಿಲ್ಲುವ ಗಾಡಿಗೆ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸುವುದನ್ನು ತಪ್ಪಿಸಬಾರದು.

ಇನ್ನೊಂದು ಎಚ್ಚರ. ‘ಲಿವರ್ ಮುಂದೆ ತಳ್ಳಿ’ ಎಂದು ಬರೆಯಬೇಡಿ. ಎಂ3ಯಲ್ಲಿ ಮುಂದೆ ತಳ್ಳಿದರೆ ಗೇರ್ ಕಡಿಮೆಯಾಗುತ್ತದೆ, ಹಿಂದಕ್ಕೆ ಎಳೆದರೆ ಹೆಚ್ಚುತ್ತದೆ. ಪೋಲೊದಲ್ಲಿ ಇದು ತಿರುವುಮುರುವು. ‘ಪ್ಲಸ್ ಕಡೆಗೆ’, ‘ಮೈನಸ್ ಕಡೆಗೆ’ ಎಂದರೆ ಎರಡೂ ಕಾರಿಗೆ ಒಂದೇ ವಾಕ್ಯ ಸಾಕು. ಬ್ರೇಕ್ ಹಾಕಿದಾಗ ಮೈ ಮುಂದಕ್ಕೆ ವಾಲುತ್ತದೆ, ಕೈಯೂ ಅದೇ ದಿಕ್ಕಿಗೆ ಹೋಗುತ್ತದೆ. ಹಾಗಾಗಿ ಎಂ3ಯ ಕ್ರಮವೇ ಹೆಚ್ಚು ಸಹಜ ಎಂಬುದು ನನ್ನ ಅಭಿಪ್ರಾಯ.

ಸೇರ್ಪಡೆ (ಸೋಮವಾರಪೇಟೆಯಿಂದ):

ಮೇಲಿನ ಉತ್ತರಕ್ಕೆ ನನ್ನ ಒಪ್ಪಿಗೆಯಿದೆ. ಡಿಸಿಟಿಯನ್ನು ವಿವರಿಸುವಾಗ ಮಾತ್ರ ‘ಡಬಲ್ ಕ್ಲಚ್’ ಎಂಬ ಪದ ಬಳಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಹಳೆಯ ಜೀಪು, ಲಾರಿ ಓಡಿಸಿದವರ ಬಾಯಲ್ಲಿ ಡಬಲ್ ಕ್ಲಚ್ ಎಂದರೆ ಬೇರೆ: ಕ್ಲಚ್ ತುಳಿದು ನ್ಯೂಟ್ರಲ್ ಮಾಡಿ, ಬಿಟ್ಟು, ಸ್ವಲ್ಪ ಎಕ್ಸಲೇಟರ್ ಕೊಟ್ಟು, ಮತ್ತೆ ತುಳಿದು ಗೇರ್ ಹಾಕುವುದು. ಸಿಂಕ್ರೊ (ಗೇರ್ ಹಲ್ಲುಗಳ ವೇಗವನ್ನು ತಾನೇ ಹೊಂದಿಸುವ ಭಾಗ) ಇಲ್ಲದ ಗೇರಿಗೆ ಅದು ಬೇಕಿತ್ತು. ಡಿಸಿಟಿಗೆ ‘ಜೋಡಿ ಕ್ಲಚ್’ ಎನ್ನೋಣ. ಒಂದು ಕ್ಲಚ್ಚಿಗೆ 1, 3, 5, 7, ಇನ್ನೊಂದಕ್ಕೆ 2, 4, 6. ಮೂರರಲ್ಲಿ ಓಡುತ್ತಿರುವಾಗಲೇ ನಾಲ್ಕು ಕಚ್ಚಿಕೊಂಡು ಕಾಯುತ್ತಿರುತ್ತದೆ. ಒಂದು ಕ್ಲಚ್ ಬಿಡುತ್ತಿದ್ದಂತೆ ಇನ್ನೊಂದು ಹಿಡಿಯುವುದರಿಂದ ಎಳೆತ ತುಂಡಾಗುವುದಿಲ್ಲ. ಫೋಕ್ಸ್‌ವ್ಯಾಗನ್ 2003ರಲ್ಲಿ ಗಾಲ್ಫ್ ಆರ್32 ಕಾರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಎಂ3ಗೆ ಬಂದದ್ದು 2008ರಲ್ಲಿ. ಅದರ ಹಿಂದಿನ ಇ46 ಎಂ3ಯಲ್ಲಿದ್ದ, ಪೆಡಲ್ ಇಲ್ಲದ ಎಸ್‌ಎಂಜಿ ಗೇರ್ ಬಾಕ್ಸಿಗೆ ಕ್ಲಚ್ ಒಂದೇ. ಡ್ರೈವ್‌ಲಾಜಿಕ್ ಅದರಲ್ಲೂ ಇತ್ತು, ಆದರೆ ಗೇರ್ ಬೀಳುವಾಗ ತಲೆ ಮುಂದಕ್ಕೆ ಹೋಗಿ ಬರುತ್ತಿತ್ತು.

‘ಹಾಫ್ ಕ್ಲಚ್’ (ಕ್ಲಚ್ ಅರೆಬರೆ ಹಿಡಿದಿರುವುದು) ಎಂಬ ಮಾತನ್ನು ಮಾತ್ರ ಧಾರಾಳವಾಗಿ ಬಳಸಿ. ಪೆಡಲ್ ಇಲ್ಲದಿದ್ದರೂ ಕಾರು ತೆವಳುವಾಗ ಒಳಗೆ ನಡೆಯುವುದು ಅದೇ. ಏರಿನಲ್ಲಿ ಬ್ರೇಕ್ ಬಿಟ್ಟು, ಎಕ್ಸಲೇಟರ್ ಹದದಲ್ಲೇ ಗಾಡಿ ನಿಲ್ಲಿಸಿಕೊಂಡರೆ ಕ್ಲಚ್ ಸುಡುತ್ತದೆ. ಪೋಲೊದ ಏಳು ಗೇರಿನ ಡಿಎಸ್‌ಜಿ ಡ್ರೈ ಕ್ಲಚ್ಚಿನದು, ತಣಿಸಲು ಸುತ್ತ ಎಣ್ಣೆಯಿಲ್ಲ. ಎಂ3ಯದು ಎಣ್ಣೆಯಲ್ಲಿ ಮುಳುಗಿದ ಕ್ಲಚ್, ಸ್ವಲ್ಪ ಹೆಚ್ಚು ತಾಳುತ್ತದೆ ಅಷ್ಟೆ. ಪ್ರವಾಸಿಗರ ದಿನಗಳಲ್ಲಿ ಮಡಿಕೇರಿ ಪೇಟೆಯ ಏರಿನಲ್ಲಿ ಸಾಲುಗಟ್ಟಿದಾಗ ಎರಡು ಗಾಡಿ ಉದ್ದ ಜಾಗ ಸಿಗುವವರೆಗೆ ಬ್ರೇಕ್ ಮೇಲೇ ನಿಂತು ಆಮೇಲೆ ಒಮ್ಮೆಗೇ ಹೊರಡುವುದು ಒಳ್ಳೆಯದು.

ಮರುಪ್ರಶ್ನೆ (ಮಡಿಕೇರಿಯಿಂದ):

ಇಬ್ಬರಿಗೂ ವಂದನೆ. ಕೈ ಗೇರ್, ಬಿರುಸು, ಜೋಡಿ ಕ್ಲಚ್ ಮೂರನ್ನೂ ತೆಗೆದುಕೊಂಡೆ. ಒಂದು ಉಳಿಯಿತು: ಎಂ3 ಲಿವರಿನಲ್ಲಿ ‘ಪಿ’ ಇಲ್ಲವೇ ಇಲ್ಲ. ‘ಪಾರ್ಕಿಂಗ್‌ಗೆ ಹಾಕಿ’ ಎಂದು ಹೇಗೆ ಬರೆಯುವುದು?

ಉತ್ತರ (ಗೋಣಿಕೊಪ್ಪದಿಂದ):

‘ಹಾಕಿ’ ಎಂಬ ಕ್ರಿಯಾಪದವೇ ಅಲ್ಲಿ ಸಲ್ಲದು. ಗೇರಿನಲ್ಲಿಟ್ಟು ಎಂಜಿನ್ ಆಫ್ ಮಾಡಿದರೆ ಪಿ ತಾನೇ ಬೀಳುತ್ತದೆ. ನ್ಯೂಟ್ರಲ್‌ನಲ್ಲಿಟ್ಟು ಆಫ್ ಮಾಡಿದರೆ ಬೀಳದೆ ಉಳಿಯಬಹುದು, ಇಳಿಜಾರಿನ ಅಂಗಳದಲ್ಲಿ ಅದು ಅಪಾಯ. ಪಿ ಎಂದರೆ ಗೇರ್ ಬಾಕ್ಸಿನೊಳಗಿನ ಹಲ್ಲುಚಕ್ರಕ್ಕೆ ಅಡ್ಡ ಬೀಳುವ ಒಂದು ಸಣ್ಣ ಲೋಹದ ತುಂಡು. ಕಾರಿನ ಭಾರವೆಲ್ಲ ಅದರ ಮೇಲೆ ಕೂರಬಾರದು. ಹೀಗೆ ಬರೆಯಿರಿ:

“ಬ್ರೇಕ್ ಒತ್ತಿ ಪೂರ್ತಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆಯಿರಿ. ನ್ಯೂಟ್ರಲ್ ಮಾಡಿ, ಬ್ರೇಕಿನಿಂದ ಕಾಲನ್ನು ನಿಧಾನವಾಗಿ ಎತ್ತಿ, ಗಾಡಿ ಹ್ಯಾಂಡ್‌ಬ್ರೇಕ್ ಮೇಲೆ ನಿಂತಿತೇ ನೋಡಿ. ಮತ್ತೆ ಬ್ರೇಕ್ ಒತ್ತಿ ಲಿವರನ್ನು ಡಿಗೆ ತನ್ನಿ, ಒತ್ತಿಕೊಂಡೇ ಎಂಜಿನ್ ಆಫ್ ಮಾಡಿ. ಮೀಟರಿನಲ್ಲಿ ‘ಪಿ’ ಬಿದ್ದದ್ದು ಕಂಡ ಮೇಲೆ ಕೆಳಗಿಳಿಯಿರಿ.”

ಮಳೆಗಾಲದಲ್ಲಿ ಚಕ್ರಕ್ಕೆ ಕಲ್ಲು ಅಥವಾ ಮರದ ತುಂಡು ಕೊಡುವ ನಮ್ಮ ಹಳೆಯ ರೂಢಿಯನ್ನೂ ಒಂದು ಸಾಲಿನಲ್ಲಿ ಸೇರಿಸಿ.