‘ನಮ್ಮ ಕುಟುಂಬ’ ಗುಂಪಿನಲ್ಲಿ ಗದ್ದೆ ಜಾಗದ ಜಗಳ

ಡೊಂಬಿವಲಿ ಅಣ್ಣ: (ಫಾರ್ವರ್ಡ್) ‘ಪಟ್ಟಣದ ಗದ್ದಲ ಸಾಕಾಯಿತೇ? ಕಾಸರಗೋಡಿನ ಪೆರ್ಲದ ಹತ್ತಿರ ರಸ್ತೆ ಬದಿಯಲ್ಲೇ 30 ಸೆಂಟ್ ಗದ್ದೆ. ಮಣ್ಣು ತುಂಬಿಸಿದರೆ ಮನೆ ಕಟ್ಟಬಹುದು. ಬೇಗ ಮುಂಗಡ ಕೊಟ್ಟವರಿಗೆ ಮಾತ್ರ.’

ಡೊಂಬಿವಲಿ ಅಣ್ಣ: ಲೋಕಲ್ ರೈಲಿನ ಬಾಗಿಲಿಗೆ ಜೋತುಬೀಳುವ ವಯಸ್ಸು ಮುಗಿಯಿತು. ನಿವೃತ್ತಿಯಾದ ಮೇಲೆ ಊರಿಗೇ ಬರುತ್ತೇವೆ.

ಬದಿಯಡ್ಕ ಅತ್ತೆ: ಬನ್ನಿ ಬನ್ನಿ. ಊರಿನ ಗಾಳಿಗೇ ಅರ್ಧ ಕಾಯಿಲೆ ವಾಸಿಯಾಗುತ್ತದೆ.

ನಾನು: ಅಣ್ಣ, ಇದನ್ನು ಕಳುಹಿಸಿದವರು ಯಾರು? ಸರ್ವೆ ನಂಬರ್ ಎಲ್ಲಿದೆ? ಗದ್ದೆಗಳ ಸರಕಾರಿ ಪಟ್ಟಿಯಾದ ಡೇಟಾ ಬ್ಯಾಂಕ್‌ನಲ್ಲಿ ಗದ್ದೆ ಎಂದೇ ಇದ್ದರೆ ಹಾಗೆ ಮಣ್ಣು ತುಂಬಿಸಲು ಬಿಡುವುದಿಲ್ಲ. ಕೇರಳದಲ್ಲಿ ಅದಕ್ಕೆ 2008ರಿಂದ ಕಾಯಿದೆಯೇ ಇದೆ.

ಪುತ್ತಿಗೆ ದೊಡ್ಡಪ್ಪ: ಹಿರಿಯವನು ಊರಿಗೆ ಬರುತ್ತೇನೆ ಎಂದಾಗ ಮೊದಲು ‘ಸಂತೋಷ’ ಎನ್ನಬೇಕು. ಅನ್ನ ಕೊಟ್ಟ ಗದ್ದೆಗೆ ಮಣ್ಣು ಹಾಕುವುದೂ ಸರಿಯಲ್ಲ.

ಡೊಂಬಿವಲಿ ಅಣ್ಣ: ಇವನು ಕಾನೂನು ಹೇಳಿಯೇ ಹೇಳುತ್ತಾನೆಂದು ಗೊತ್ತಿತ್ತು ದೊಡ್ಡಪ್ಪ. ಪಾಲು ಮಾಡಿದ ದಿನವೂ ಹೀಗೇ ಮಾಡಿದ.

ನಾನು: ನಿನ್ನ ಪಾಲಿನ ಅಡಕೆ ತೋಟ ಮಾರಿ ಫ್ಲ್ಯಾಟ್ ಕೊಂಡವನು ನೀನು. ಅಡಕೆಯ ಕೊಳೆರೋಗ ಮಹಾಳಿಗೆ ಮದ್ದು ಬಿಡುವವರು ಸಿಗದೆ ಉಳಿದ ತೋಟದಲ್ಲಿ ಒದ್ದಾಡುತ್ತಿರುವುದು ನಾನು. ಸರ್ವೆ ನಂಬರ್ ಕೊಡು.

ಬೆಂಗಳೂರು ಪುಟ್ಟ: ಅಜ್ಜನ ಮನೆಯ ಸುರಂಗ ಈಗಲೂ ಇದೆಯೇ? ಗುಡ್ಡ ಕೊರೆದು ಎಷ್ಟು ಒಳಗೆ ಹೋಗಿದ್ದರು! ಬೇಸಿಗೆಯಲ್ಲೂ ನೀರು. ಗೇರು ತೋಟದ ಮೇಲೆ ಹೆಲಿಕಾಪ್ಟರ್ ಬಂದರೆ ನಾವೆಲ್ಲ ಅಂಗಳಕ್ಕೆ ಓಡುತ್ತಿದ್ದೆವು.

ಮಂಗಳೂರು ಅಕ್ಕ: ಆ ಹೆಲಿಕಾಪ್ಟರ್ ಸಿಂಪಡಿಸುತ್ತಿದ್ದುದು ಎಂಡೋಸಲ್ಫಾನ್ ಕೀಟನಾಶಕ, ಪುಟ್ಟ. 2000ದವರೆಗೂ ಸುರಿದರು. ಎಣ್ಮಕಜೆಯಲ್ಲಿ ಹಾಸಿಗೆ ಹಿಡಿದ ಮಕ್ಕಳನ್ನು ಇಂದಿಗೂ ಎತ್ತಿ ಆಡಿಸುವ ತಾಯಂದಿರಿದ್ದಾರೆ. ಅದನ್ನು ಆಟದ ನೆನಪಾಗಿ ಹೇಳಬೇಡ.

ಬೆಂಗಳೂರು ಪುಟ್ಟ: ನಾನು ಚಿಕ್ಕವನಿದ್ದೆ ಅಕ್ಕ, ಕಂಡದ್ದನ್ನು ಹೇಳಿದೆ.

ಬದಿಯಡ್ಕ ಅತ್ತೆ: ಒಳ್ಳೆಯ ಮಾತು ಶುರುವಾದರೆ ಸಾಕು, ಇವಳಿಗೆ ಆಸ್ಪತ್ರೆಯ ಸುದ್ದಿ. ಮದುವೆ ಮನೆಯಲ್ಲೂ ಹೀಗೆಯೇ.

ಮಂಗಳೂರು ಅಕ್ಕ: ಹೌದು ಅತ್ತೆ, ಆಸ್ಪತ್ರೆಯದೇ ಹೇಳುತ್ತೇನೆ. ಅತ್ತಿಗೆಗೆ ಹೃದಯದ ತೊಂದರೆ ಇದೆ. ಪೆರ್ಲದವರು ಗಟ್ಟಿ ಕಾಯಿಲೆಗೆ ಮಂಗಳೂರಿಗೇ ಓಡುತ್ತಾರೆ. 2020ರ ಮಾರ್ಚ್‌ನಲ್ಲಿ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದಾಗ ತಲಪಾಡಿ ಗಡಿ ದಾಟಲಾಗದೆ ಕಾಸರಗೋಡಿನ ರೋಗಿಗಳು ಸತ್ತರು. ಊರಿಗೆ ಬರಬೇಡ ಎನ್ನುತ್ತಿಲ್ಲ ಅಣ್ಣ. ಮನೆ ಎಲ್ಲಿ ಎನ್ನುವುದನ್ನು ಅತ್ತಿಗೆಯನ್ನು ಮುಂದಿಟ್ಟುಕೊಂಡು ಯೋಚಿಸು.

ಪುತ್ತಿಗೆ ದೊಡ್ಡಪ್ಪ: ರಾಜ್ಯಗಳನ್ನು ವಿಂಗಡಿಸಿದ 1956ರಲ್ಲೇ ನಮ್ಮನ್ನು ಕೇರಳದ ಬದಲು ಕರ್ನಾಟಕಕ್ಕೆ ಸೇರಿಸಿದ್ದರೆ ಈ ಗತಿ ಬರುತ್ತಿರಲಿಲ್ಲ. ಗಡಿ ವಿವಾದ ನೋಡಿದ ಮಹಾಜನ ಆಯೋಗವೂ ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಎಂದಿತ್ತು.

ಬೆಂಗಳೂರು ಪುಟ್ಟ: ದೊಡ್ಡಪ್ಪ, ಅದನ್ನು ನಾಳೆ ಮಾತನಾಡೋಣ.

ಪುತ್ತಿಗೆ ದೊಡ್ಡಪ್ಪ: ನಿನ್ನ ಅಪ್ಪನೂ ಹೋರಾಟದ ದಿನಗಳಲ್ಲಿ ‘ನಾಳೆ’ ಎಂದೇ ತಪ್ಪಿಸಿಕೊಂಡ.

ನಾನು: ಅಣ್ಣ, ಮೂರನೆಯ ಸಲ ಕೇಳುತ್ತಿದ್ದೇನೆ. ಸರ್ವೆ ನಂಬರ್?

ಡೊಂಬಿವಲಿ ಅಣ್ಣ: ಅವರು ಕೊಟ್ಟಿಲ್ಲ.

ನಾನು: ಯಾರು ‘ಅವರು’? ಮುಂಗಡ ಕೊಟ್ಟೆಯಾ?

ಡೊಂಬಿವಲಿ ಅಣ್ಣ: ಸ್ವಲ್ಪ ಕೊಟ್ಟಿದ್ದೇನೆ. ನಿನ್ನನ್ನು ಕೇಳಿದರೆ ಬೇಡ ಎನ್ನುತ್ತೀಯ ಎಂದು ಕೇಳಲಿಲ್ಲ.

ಮಂಗಳೂರು ಅಕ್ಕ: ಅತ್ತಿಗೆಗೆ ಗೊತ್ತೇ?

ನಾನು: ಅದೆಲ್ಲ ಆಮೇಲೆ ಅಕ್ಕ. ಅಣ್ಣ, ರಸೀದಿಯ ಚಿತ್ರ ನನಗೊಬ್ಬನಿಗೇ ಕಳುಹಿಸು, ಗುಂಪಿಗೆ ಬೇಡ. ಇನ್ನೊಂದು ರೂಪಾಯಿಯನ್ನೂ ಕೊಡಬೇಡ. ನಾಳೆ ಬೆಳಿಗ್ಗೆ ವಿಲೇಜ್ ಕಚೇರಿಗೆ ಹೋಗುತ್ತೇನೆ.