ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಪುಡಿ ಮಾಡಿ ಕೊಡಬಹುದೇ?

ಪ್ರಶ್ನೆ (ಜಗಳೂರಿನಿಂದ)

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರಿಗೆ ಎಪ್ಪತ್ತು ದಾಟಿದೆ. ಸಕ್ಕರೆ ಕಾಯಿಲೆಗೆಂದು ದಾವಣಗೆರೆಯ ವೈದ್ಯರು ಮೆಟ್‌ಫಾರ್ಮಿನ್ ಎಸ್.ಆರ್. (ಅಂದರೆ ನಿಧಾನವಾಗಿ ಬಿಡುಗಡೆಯಾಗುವ) 1000 ಮಿ.ಗ್ರಾಂ ಮಾತ್ರೆಯನ್ನು ರಾತ್ರಿ ಊಟದ ಜೊತೆ ತೆಗೆದುಕೊಳ್ಳಲು ಬರೆದುಕೊಟ್ಟಿದ್ದಾರೆ. ಮಾತ್ರೆ ದೊಡ್ಡದಾಗಿರುವುದರಿಂದ ನುಂಗಲು ಬಹಳ ಕಷ್ಟಪಡುತ್ತಾರೆ. ಕುಟ್ಟಿ ಪುಡಿ ಮಾಡಿ ರಾಗಿ ಗಂಜಿಯಲ್ಲಿ ಬೆರೆಸಿ ಕೊಡೋಣವೆಂದು ಅಮ್ಮ ಹೇಳುತ್ತಿದ್ದಾರೆ. ಇನ್ನೊಂದು ಆತಂಕವೂ ಇದೆ. ಕೆಲವೊಮ್ಮೆ ಮಲದಲ್ಲಿ ಮಾತ್ರೆಯ ಆಕಾರದ ಮೆತ್ತನೆಯ ಮುದ್ದೆ ಹಾಗೆಯೇ ಕಾಣಿಸುತ್ತದೆ. ಔಷಧ ಮೈಗೆ ಹತ್ತುತ್ತಲೇ ಇಲ್ಲವೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ (ಔಷಧಶಾಸ್ತ್ರದ ಉಪನ್ಯಾಸಕಿ, ದಾವಣಗೆರೆ)

ದಯವಿಟ್ಟು ಪುಡಿ ಮಾಡಬೇಡಿ. ಇಂತಹ ಮಾತ್ರೆಗಳಲ್ಲಿ ಔಷಧವನ್ನು ಸಾಮಾನ್ಯವಾಗಿ ನೀರು ತಾಗಿದರೆ ಉಬ್ಬುವ ಪಾಲಿಮರ್ (ಉದ್ದ ಸರಪಳಿಯಂಥ ಅಣುಗಳ ವಸ್ತು) ಒಂದರ ಜೊತೆ ಬೆರೆಸಿ ಒತ್ತಿರುತ್ತಾರೆ. ಜಠರದಲ್ಲಿ ಮಾತ್ರೆಯ ಹೊರಮೈ ನೆನೆದು, ನೀರಿಗೆ ಹಾಕಿದ ಕಾಮಕಸ್ತೂರಿ ಬೀಜದ ಸುತ್ತ ಲೋಳೆ ಕಟ್ಟಿಕೊಳ್ಳುವಂತೆ, ಒಂದು ಪದರ ಮೂಡುತ್ತದೆ. ಔಷಧದ ಅಣುಗಳು ಆ ಪದರವನ್ನು ದಾಟಿಕೊಂಡು ಗಂಟೆಗಟ್ಟಲೆ ಸ್ವಲ್ಪಸ್ವಲ್ಪವಾಗಿ ಹೊರಬರುತ್ತವೆ. ಕುಟ್ಟಿದರೆ ಆ ತಡೆಯೇ ಇಲ್ಲವಾಗಿ, ನಿಧಾನವಾಗಿ ಬರಬೇಕಾದ ಔಷಧವೆಲ್ಲ ಒಮ್ಮೆಲೇ ಬಿಡುಗಡೆಯಾಗುತ್ತದೆ. ಮೆಟ್‌ಫಾರ್ಮಿನ್ ಆದರೆ ವಾಕರಿಕೆ, ಭೇದಿ ಹೆಚ್ಚಬಹುದು. ರಕ್ತದೊತ್ತಡಕ್ಕೆ ಕೊಡುವ ನಿಫೆಡಿಪಿನ್ ಆಗಿದ್ದರೆ ಒತ್ತಡ ಏಕಾಏಕಿ ಕುಸಿಯುವ ಅಪಾಯವಿದೆ.

ಮಲದಲ್ಲಿ ಕಾಣುವುದು ಬಹುತೇಕ ಔಷಧ ಹೊರಟುಹೋದ ಮೇಲೆ ಉಳಿದ ಪಾಲಿಮರ್. ಸಕ್ಕರೆ ಪ್ರಮಾಣ ಹಿಡಿತದಲ್ಲಿದ್ದರೆ ಗಾಬರಿ ಬೇಡ. ನುಂಗಲು ಆಗದಿರುವುದನ್ನು ಮಾತ್ರ ವೈದ್ಯರಿಗೆ ಹೇಳಲೇಬೇಕು. ಸಾಮಾನ್ಯ ಮೆಟ್‌ಫಾರ್ಮಿನ್ ಅನ್ನು ದಿನಕ್ಕೆ ಎರಡು ಮೂರು ಬಾರಿ ಹಂಚಿ ಕೊಡುವುದೋ, ದ್ರವರೂಪದ್ದನ್ನು ಬರೆಯುವುದೋ ಅವರೇ ನಿರ್ಧರಿಸುತ್ತಾರೆ.

ಉತ್ತರ (ಚಿತ್ರದುರ್ಗದಿಂದ)

ಮೇಡಂ, ರಕ್ತದೊತ್ತಡಕ್ಕೆ ಕೊಡುವ ನನ್ನ ಮೆಟೊಪ್ರೊಲಾಲ್ ಸಕ್ಸಿನೇಟ್ ಮಾತ್ರೆಯೂ ನಿಧಾನ ಬಿಡುಗಡೆಯದೇ. ಆದರೂ ಅರ್ಧ ಮಾಡಿ ನುಂಗಬಹುದೆಂದು ವೈದ್ಯರು ಹೇಳಿದ್ದಾರೆ. ಅದು ಹೇಗೆ ಸರಿ? ಮನೆಯಲ್ಲಿ ಗ್ಲಾರ್ಜಿನ್ ಇನ್ಸುಲಿನ್ ಕೂಡ ಇದೆ. ಅದಕ್ಕೂ ಇಂಥದ್ದೇ ತಂತ್ರವಿದೆಯೇ?

ಉತ್ತರ (ಉಪನ್ಯಾಸಕಿ)

ಆ ಔಷಧದ ಕೆಲವು ಮಾತ್ರೆಗಳೊಳಗೆ ನೂರಾರು ಸಣ್ಣ ಕಾಳುಗಳಿದ್ದು, ಪ್ರತಿಯೊಂದು ಕಾಳಿಗೂ ತನ್ನದೇ ಲೇಪನವಿರುತ್ತದೆ. ನಡುವಿನ ಗೆರೆಯಲ್ಲಿ ಮುರಿದರೆ ಕಾಳುಗಳು ಎರಡು ಭಾಗವಾಗುತ್ತವೆಯೇ ಹೊರತು ಲೇಪನ ಕೆಡುವುದಿಲ್ಲ. ಅಗಿದರೆ, ಕುಟ್ಟಿದರೆ ಕೆಡುತ್ತದೆ. ಗೆರೆಯಿಲ್ಲದ್ದನ್ನು ನಾವಾಗಿಯೇ ಮುರಿಯಬಾರದು.

ಗ್ಲಾರ್ಜಿನ್‌ನಲ್ಲಿ ಪಾಲಿಮರ್ ಇಲ್ಲ, ಇನ್ಸುಲಿನ್ ಅಣುವನ್ನೇ ಮಾರ್ಪಡಿಸಿದ್ದಾರೆ. ಸೀಸೆಯಲ್ಲಿ ಆಮ್ಲೀಯವಾಗಿ, ತಿಳಿಯಾಗಿರುವ ಆ ದ್ರವ ಚರ್ಮದಡಿಯ ತಟಸ್ಥ ವಾತಾವರಣ ಸೇರಿದೊಡನೆ ಸೂಕ್ಷ್ಮ ಕಣಗಳಾಗಿ ಗರಣೆಗಟ್ಟಿ, ಸುಮಾರು 24 ಗಂಟೆ ಕಾಲ ಮೆಲ್ಲನೆ ಕರಗುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವ ಲ್ಯುಪ್ರೊಲೈಡ್‌ನಲ್ಲಿ ಈ ನಿಧಾನ ಬಿಡುಗಡೆಯ ತಂತ್ರ ಇನ್ನೂ ಮುಂದೆ ಹೋಗಿದೆ: ದೇಹದಲ್ಲೇ ಕರಗಿಹೋಗುವ ಪಾಲಿಮರ್‌ನ ಸೂಕ್ಷ್ಮ ಗೋಳಗಳಲ್ಲಿ ಔಷಧ ತುಂಬಿ, ಒಂದು ಚುಚ್ಚುಮದ್ದು ತಿಂಗಳುಗಟ್ಟಲೆ ಕೆಲಸ ಮಾಡುವಂತೆ ಮಾಡಿದ್ದಾರೆ. ಪ್ರೋಟೀನಿನಂಥ ದೊಡ್ಡ ಅಣುಗಳೂ ಪಾಲಿಮರ್‌ನಿಂದ ನಿಧಾನವಾಗಿ ಹೊರಬರಬಲ್ಲವೆಂದು ಅಮೆರಿಕದ ಸಂಶೋಧಕರಾದ ರಾಬರ್ಟ್ ಲ್ಯಾಂಗರ್ ಮತ್ತು ಜೂಡಾ ಫೋಕ್‌ಮನ್ 1976ರಲ್ಲಿ ತೋರಿಸಿದ್ದು ಈ ದಾರಿಯಲ್ಲಿ ದೊಡ್ಡ ಹೆಜ್ಜೆ.

ನಿಮ್ಮ ಮನೆಯ ಮಟ್ಟಿಗೆ ಒಂದು ಮಾತು: ಗ್ಲಾರ್ಜಿನ್ ಅನ್ನು ಬೇರೆ ಇನ್ಸುಲಿನ್ ಜೊತೆ ಒಂದೇ ಸಿರಿಂಜಿನಲ್ಲಿ ಬೆರೆಸಬೇಡಿ. ಬೆರೆಸಿದರೆ ಅದರ ಆಮ್ಲೀಯತೆ ಬದಲಾಗಿ, ಔಷಧ ಬಿಡುಗಡೆಯಾಗುವ ವೇಗವೇ ಏರುಪೇರಾಗಬಹುದು.